ಹೊಳಲ್ಕೆರೆಯಲ್ಲಿ ಕಷಾಯದ ಭಾನುವಾರಗಳು

ಕೊತ್ತಂಬರಿ ಬೀಜ, ಜೀರಿಗೆ, ಒಣಶುಂಠಿ ಹುರಿದು ಕುದಿಸಿದ ಕಷಾಯದ ವಾಸನೆ ಬಂದರೆ ನಾನು ಈಗಲೂ ಲೋಟ ಸರಿಸಿ ಎದ್ದುಬಿಡುತ್ತೇನೆ. ಕಷಾಯದ್ದೇನೂ ತಪ್ಪಿಲ್ಲ. ಅದು ಒಳ್ಳೆಯದೇ, ನಾನೇ ನೂರಾರು ಜನಕ್ಕೆ ಕುಡಿಯಿರಿ ಎಂದು ಹೇಳಿದ್ದೇನೆ. ಆದರೂ ವಾಸನೆ ಮೂಗಿಗೆ ತಾಗಿದ ತಕ್ಷಣ ಹೊಳಲ್ಕೆರೆ ನೆನಪಾಗುತ್ತದೆ, ಹೊಳಲ್ಕೆರೆ ನೆನಪಾದರೆ ಸಿಟ್ಟು ಬರುತ್ತದೆ.

ಕಳೆದ ತಿಂಗಳು ಹಿರಿಯೂರಿನ ನಮ್ಮ ಚರ್ಚಿನ ಗೇಟು ದಾಟುವಷ್ಟರಲ್ಲೇ ಆ ವಾಸನೆ ಬಂತು. ಅಂದು ಆರೋಗ್ಯ ಭಾನುವಾರವಂತೆ. ಆರಾಧನೆ ಮುಗಿದ ಮೇಲೆ ಟೀ ಬದಲು ಕಷಾಯ, ಬಿಸ್ಕತ್ತಿನ ಬದಲು ಹುರಿಗಡಲೆ. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು, "ಬರ್ರಿ ಸಿಸ್ಟರ್, ಇವತ್ತು ನಿಮ್ಮ ಇಲಾಖೆ ಕಾರ್ಯಕ್ರಮ," ಎಂದು ನಕ್ಕರು. ನಾನು ನರ್ಸು. ನಗುತ್ತಲೇ ಒಳಗೆ ಹೋದವಳು ವೇದಿಕೆಯ ಮೇಲೆ ಕುಳಿತಿದ್ದ ಅತಿಥಿಯನ್ನು ನೋಡಿ ಕೊನೆಯ ಬೆಂಚಿನಲ್ಲೇ ಕುಳಿತುಬಿಟ್ಟೆ. ಅದೇ ತಿಳಿನೀಲಿ ಅಂಚಿನ ಬಿಳಿ ಸೀರೆ, ಅದೇ ದುಂಡು ಕನ್ನಡಕ. ನಮ್ಮ ಎಸ್ತೇರಮ್ಮನವರು.

ಕೊರೊನಾ ಮುಗಿದ ಮರುವರ್ಷ ನಾನು ಹೊಳಲ್ಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ಊರು ಹೊಸದು, ಬಾಡಿಗೆಯ ಒಂದು ಕೋಣೆ, ಮಾತಾಡಲು ಜನವಿಲ್ಲ. ಮೊದಲ ಭಾನುವಾರ ಚರ್ಚಿಗೆ ಹೋದಾಗ ಸಭಾಪಾಲಕರ ಹೆಂಡತಿ ಎಸ್ತೇರಮ್ಮನವರು ನನ್ನ ಕೈ ಹಿಡಿದು ಸೀದಾ ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಹಾಕಿದರು. ಆಮೇಲೆ ನನ್ನ ರಾತ್ರಿ ಪಾಳಿಯ ದಿನಗಳಲ್ಲಿ ಸಂಜೆಗೇ ಬುತ್ತಿ ಬರುತ್ತಿತ್ತು. ಜ್ವರ ಬಂದು ಮಲಗಿದಾಗ ತಲೆಗೆ ಎಣ್ಣೆ ತಟ್ಟಿದವರು ಅವರು. ಸಭೆಯವರೆಲ್ಲ ಅವರನ್ನು ಅಮ್ಮೋರು ಎನ್ನುತ್ತಿದ್ದರು. ನಾನು ಬರಿ ಅಮ್ಮ ಎನ್ನುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪರಿಚಯವೇ ಇಲ್ಲದವರು ಮಾಡಿದ ದ್ರೋಹಕ್ಕೆ ದ್ರೋಹ ಎಂಬ ಹೆಸರೂ ಸಲ್ಲುವುದಿಲ್ಲ.

ನಮ್ಮದು ಚಿಕ್ಕ ಸಭೆ. ಪೇಟೆಯ ಕೆಲವು ಮನೆಗಳು, ಚಿಕ್ಕಜಾಜೂರಿನ ರೈಲ್ವೆಯವರು, ತಾಳ್ಯದ ಕಡೆಯಿಂದ ಬಸ್ಸು ಹತ್ತಿ ಬರುವ ಕೂಲಿಯವರು. ಎಲ್ಲರಿಗೂ ಒಂದಲ್ಲ ಒಂದು ಕಾಯಿಲೆ. ಬಿ.ಪಿ., ಸಕ್ಕರೆ, ಮಂಡಿನೋವು. ಅಡಿಕೆ ಸೀಮೆಯಾದ್ದರಿಂದ ಎಲ್ಲಕ್ಕಿಂತ ಹೆಚ್ಚಾಗಿ ಕಡ್ಡಿಪುಡಿ. ಎಲೆ ಅಡಿಕೆಯ ಜೊತೆ ಆ ಹೊಗೆಸೊಪ್ಪಿನ ಚೂರು ಒಸಡಿಗೆ ಒತ್ತಿಕೊಳ್ಳದಿದ್ದರೆ ಕೈಗೆ ಕೆಲಸ ಹತ್ತುವುದಿಲ್ಲ ಎನ್ನುವವರು ಗಂಡಸರಲ್ಲಷ್ಟೇ ಅಲ್ಲ, ಹೆಂಗಸರಲ್ಲೂ ಇದ್ದರು. ಗಂಡಸರು ರಾಜಾರೋಷವಾಗಿ ಹಾಕುತ್ತಿದ್ದರು, ಹೆಂಗಸರು ಸೆರಗಿನ ಮರೆಯಲ್ಲಿ.

ಆ ಸಲ ಲೆಂತು ಶುರುವಾಗುವ ಮುಂಚೆ ಅಮ್ಮನಿಗೆ ಒಂದು ಯೋಚನೆ ಹೊಳೆಯಿತು. ಈಸ್ಟರಿನ ಮುಂಚಿನ ಆ ನಲವತ್ತು ದಿನ ನಮ್ಮವರು ಮಾಂಸ ಬಿಡುತ್ತಾರೆ, ಹೂ ಮುಡಿಯುವುದನ್ನು ಬಿಡುತ್ತಾರೆ. "ಕೋಳಿ ಬಿಟ್ಟು ಪುಣ್ಯ ಕಟ್ಕಳ್ತಾರೆ, ಕೋಳಿಗೊಂದು ಉಪಕಾರ ಅಷ್ಟೆ. ಈ ಸಲ ಮೈ ಹಾಳು ಮಾಡೋದನ್ನ ಬಿಡಿಸಾಣ ಕಣೇ ಪ್ರೇಮಾ. ನೀನು ನರ್ಸು, ನಾನು ಬಾಯಿಬಡುಕಿ. ಇಬ್ರೂ ಸೇರಿದ್ರೆ ಏನಾಗಲ್ಲ?" ಎಂದರು. ನನಗೆ ರೆಕ್ಕೆ ಬಂದ ಹಾಗಾಯಿತು.

ಮೊದಲು ಟೀ ಹೋಯಿತು. ಆರಾಧನೆ ಮುಗಿದ ಮೇಲಿನ ಸಕ್ಕರೆ ಪಾಕದಂಥ ಟೀಗಾಗಿಯೇ ಚರ್ಚಿಗೆ ಬರುವವರು ಕೆಲವರಿದ್ದರು. ಅವರು ಎರಡು ವಾರ ಮುಖ ಊದಿಸಿಕೊಂಡು ಕಷಾಯ ಕುಡಿದರು. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೆಂಗಸರೆಲ್ಲ ಚರ್ಚಿನ ಕಾಂಪೌಂಡು ಸುತ್ತ ಕೀರ್ತನೆ ಹಾಡುತ್ತ ನಡೆಯುವುದು ಶುರುವಾಯಿತು. ಹಾಡಿಗೆ ಏದುಸಿರು ಬಂದರೆ ನಡಿಗೆ ಸರಿಯಾಗಿದೆ ಎಂದು ಲೆಕ್ಕ. ಭಾನುವಾರದ ಸಹಭೋಜನಕ್ಕೆ ಅಮ್ಮ ಹೊಸದುರ್ಗದಿಂದ ಸಾಮೆ ಅಕ್ಕಿ ತರಿಸಿದರು. ಚಿಕ್ಕಜಾಜೂರಿನ ನಿವೃತ್ತ ಗ್ಯಾಂಗ್‌ಮನ್ ಯೋಹಾನಪ್ಪ ತಟ್ಟೆ ನೋಡಿ, "ಏನಪ್ಪ ಇದು, ನಾನೇನು ಗುಬ್ಬಚ್ಚಿನಾ?" ಎಂದು ಗೊಣಗಿ ಮೂರು ಸಲ ಬಡಿಸಿಕೊಂಡ.

ಕಡ್ಡಿಪುಡಿ ಬಿಡುವವರು ಪೊಟ್ಟಣ ತಂದು ಹಾಕಲೆಂದು ಬಾಗಿಲ ಬಳಿ ಒಂದು ಮಡಕೆ ಇಟ್ಟಿದ್ದೆವು. ಯೋಹಾನಪ್ಪನಿಗೆ ಮಡಕೆ ಯಾವುದು, ಕಾಣಿಕೆ ಯಾವುದು ಎಂಬ ಭೇದ ತಿಳಿಯಲಿಲ್ಲವೋ, ತಿಳಿದೇ ಮಾಡಿದನೋ, ಪೊಟ್ಟಣವನ್ನು ಕಾಣಿಕೆಯ ಚೀಲಕ್ಕೇ ಹಾಕಿದ. ಸಭಾಪಾಲಕರಾದ ಅಯ್ಯನೋರು ಚೀಲವನ್ನು ಪೀಠದ ಮುಂದೆ ಎತ್ತಿ ಹಿಡಿದು ಆಶೀರ್ವದಿಸುವಾಗ ಘಾಟಿಗೆ ಸತತವಾಗಿ ಸೀನಿದರು. ಅಂದು ಇಡೀ ಸಭೆ ನಕ್ಕದ್ದು ನೆನೆದರೆ ಈಗಲೂ ನಗು ಬರುತ್ತದೆ. ಸಂತೋಷವಾಗಿದ್ದೆವು. ಸುಳ್ಳು ಹೇಳುವುದಿಲ್ಲ, ನನ್ನ ನೌಕರಿಯ ವರ್ಷಗಳಲ್ಲಿ ಅಷ್ಟು ಉಪಯೋಗಕ್ಕೆ ಬಂದೆ ಅನ್ನಿಸಿದ ದಿನಗಳು ಬೇರೆಯಿಲ್ಲ.

ಲೆಂತಿನ ನಡುವೆ ಒಂದು ಶನಿವಾರ ಬಾಯಿ ತಪಾಸಣೆ ಇಟ್ಟೆವು. ಚರ್ಚಿನ ಪಕ್ಕದ ಕೋಣೆಗೆ ಸೀರೆಯೊಂದನ್ನು ಪರದೆ ಕಟ್ಟಿ ಒಬ್ಬೊಬ್ಬರನ್ನೇ ಒಳಗೆ ಕರೆಯುವುದು. ನಾನು ಬಾಯಿ ನೋಡುವವಳು, ಅಮ್ಮ ಟಾರ್ಚು ಹಿಡಿಯುವವರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹೆಂಗಸರು ಹಿಂಜರಿದಾಗ ಅಮ್ಮನೇ ಹೊರಗೆ ಹೋಗಿ, "ಪರದೆ ಒಳಗಿಂದು ಪರದೆ ಒಳಗೇ ಇರ್ತೈತೆ. ನಾನು, ಸಿಸ್ಟರು, ದೇವ್ರು. ನಾಲ್ಕನೇರಿಗೆ ಗೊತ್ತಾಗಲ್ಲ, ಬರ್ರಿ," ಎಂದು ಕರೆತಂದರು.

ಕೊನೆಗೆ ಬಂದವಳು ತಾಳ್ಯದ ಮಾರ್ಥಮ್ಮ. ಗಂಡ ತೀರಿಕೊಂಡ ಮೇಲೆ ಅಡಿಕೆ ಸುಲಿದು ಮಗಳು ಸುಜಾತಳನ್ನು ಬಿ.ಎಡ್. ಓದಿಸಿದವಳು. ಎಲ್ಲರಿಗಿಂತ ಮುಂಚೆ ಬಂದು ಚರ್ಚಿನ ಜಮಖಾನೆ ಹಾಸುತ್ತಿದ್ದವಳು. ಬಾಯಿ ತೆರೆಯಲು ಹೇಳಿದೆ. ಮೂರು ಬೆರಳು ಹಿಡಿಸಬೇಕಾದ ಬಾಯಿ ಎರಡಕ್ಕೇ ನಿಂತಿತು. ಅಮ್ಮ ಟಾರ್ಚು ಹತ್ತಿರ ತಂದರು. ಬಲಗೆನ್ನೆಯ ಒಳಗೆ ಬಿಳಿ ಮಚ್ಚೆ, ನಡುವೆ ಕೆಂಪು. ನನ್ನ ಮುಖ ನೋಡಿಯೇ ಮಾರ್ಥಮ್ಮನಿಗೆ ಗೊತ್ತಾಯಿತು.

"ಖಾರ ತಿಂದ್ರೆ ಉರೀತೈತೆ. ಕೆಟ್ಟದ್ದೇ ಏನ್ರಿ ಸಿಸ್ಟರ್?"

"ಈಗಲೇ ಹೇಳಕ್ಕಾಗಲ್ಲ. ದುರ್ಗದ ಜಿಲ್ಲಾ ಆಸ್ಪತ್ರೆಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡ್ಬೇಕು. ಬೇಗ ಹೋದ್ರೆ ಬೇಗ ವಾಸಿ," ಎಂದೆ.

ಅವಳು ಸೆರಗಿನ ತುದಿ ಹೊಸೆಯುತ್ತ ಹೇಳಿದಳು. ಸುಜಾತಳಿಗೆ ದುರ್ಗದಿಂದ ಸಂಬಂಧ ಬಂದಿದೆ. ಹುಡುಗ ಬ್ಯಾಂಕಿನಲ್ಲಿದ್ದಾನೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಅವನ ತಾಯಿ ನಮ್ಮ ಚರ್ಚಿಗೇ ಬರುತ್ತಾಳೆ. ನಮ್ಮವರಲ್ಲಿ ಇದೊಂದು ರೂಢಿ. ಮನೆಗೆ ಹೋಗಿ ಉಪ್ಪಿಟ್ಟು ತಿಂದು ಬೇಡವೆನ್ನುವುದಕ್ಕಿಂತ ಚರ್ಚಿನಲ್ಲಿ ದೂರದಿಂದ ಹುಡುಗಿಯನ್ನು ನೋಡಿ, ಹಿಡಿಸಿದರೆ ಮಾತ್ರ ಮುಂದಿನ ಮಾತು. ಯಾರಿಗೂ ಅವಮಾನವಿಲ್ಲ.

"ಅದೊಂದು ಮುಗೀಲಿ ಸಿಸ್ಟರ್. ಸೋಮವಾರ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಿಮ್ ಜೊತೆ ದುರ್ಗಕ್ಕೆ ಬರ್ತೀನಿ. ಅಲ್ಲೀಗಂಟ ಈ ಮಾತು ಆಚೆ ಹೋಗಬಾರ್ದು. ತಾಯಿಗೆ ಕ್ಯಾನ್ಸರಂತೆ ಅಂದ್ರೆ ಮಗಳನ್ನ ಯಾರು ಕೇಳ್ತಾರೆ? ಆಣೆ ಮಾಡ್ರಿ," ಎಂದು ಅಮ್ಮನ ಕೈ ಹಿಡಿದಳು.

ಅಮ್ಮ ಟಾರ್ಚು ಆರಿಸಿ ಅವಳ ತಲೆಯ ಮೇಲೆ ಕೈಯಿಟ್ಟರು. "ನಾವು ಆಣೆ ಇಡೋ ಹಂಗಿಲ್ಲ ಮಾರ್ಥಮ್ಮ, ಬೈಬಲ್ಲೇ ಬ್ಯಾಡ ಅಂತೈತೆ. ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ನನ್ನ ಮಾತೇ ಸಾಕು, ಹೋಗು."

ಗರಿಗಳ ಭಾನುವಾರ ಬಂತು. ಬೆಳಿಗ್ಗೆಯೇ ಬಿಸಿಲು ತಾರಸಿಯನ್ನು ಕಾಯಿಸುತ್ತಿತ್ತು. ಈಚಲ ಗರಿ ಹಿಡಿದ ಮಕ್ಕಳು ಹೊಸನ್ನ ಎಂದು ಸ್ತುತಿ ಹಾಡುತ್ತ ಒಳಗೆ ಬಂದರು. ಗಾಯನ ಮಂಡಳಿಯಲ್ಲಿ ಸುಜಾತ, ಬೆಣ್ಣೆ ಬಣ್ಣದ ಸೀರೆ. ಹೆಂಗಸರ ಕಡೆ ಮೂರನೆಯ ಬೆಂಚಿನಲ್ಲಿ ದುರ್ಗದಿಂದ ಬಂದ ಹುಡುಗನ ತಾಯಿ, ಪಕ್ಕದಲ್ಲಿ ಅವರ ನಾದಿನಿ. ಇಬ್ಬರೂ ಹಾಡಿನ ಪುಸ್ತಕದ ಮೇಲಿಂದ ಹುಡುಗಿಯನ್ನು ನೋಡುತ್ತಿದ್ದುದು, ನೋಡಿ ಒಬ್ಬರಿಗೊಬ್ಬರು ಮೊಣಕೈ ತಿವಿದದ್ದು ನನಗೆ ಕಾಣಿಸಿತು. ಹಿಡಿಸಿತ್ತು. ಮಾರ್ಥಮ್ಮ ಹೊಸ ಸೀರೆ ಉಟ್ಟು, ಬಾಯಿ ಬಿಗಿಹಿಡಿದು, ಗೋಡೆಯ ಪಕ್ಕ ಕುಳಿತಿದ್ದಳು. ಎರಡು ವಾರದಿಂದ ಕಡ್ಡಿಪುಡಿ ಮುಟ್ಟಿರಲಿಲ್ಲ ಅವಳು. ಅದರ ಕಷ್ಟ ಏನೆಂದು ಬಿಟ್ಟವರಿಗೇ ಗೊತ್ತು.

ಸಭೆಯ ಪರವಾದ ಪ್ರಾರ್ಥನೆಗೆ ಎಸ್ತೇರಮ್ಮನವರು ಮೈಕಿನ ಮುಂದೆ ಬಂದರು. ಎಲ್ಲರೂ ಕಣ್ಣು ಮುಚ್ಚಿದೆವು. ಮನೆಯಲ್ಲಿ ನಮ್ಮ ಹಾಗೇ ಮಾತಾಡುವ ಅಮ್ಮ ಪ್ರಾರ್ಥನೆಗೆ ನಿಂತರೆ ಪುಸ್ತಕದ ಕನ್ನಡಕ್ಕೆ ಇಳಿಯುತ್ತಿದ್ದರು. ದೇಶಕ್ಕಾಗಿ ಬೇಡಿದರು, ಮಳೆಗಾಗಿ ಬೇಡಿದರು, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಬೇಡಿದರು. ನಮ್ಮ ಆರೋಗ್ಯ ಕಾರ್ಯಕ್ರಮಕ್ಕಾಗಿ ಸ್ತೋತ್ರ ಹೇಳಿದರು. ದನಿ ಗದ್ಗದವಾಯಿತು.

"ಕರ್ತನೇ, ತಾಳ್ಯದಿಂದ ಬರುವ ನಿನ್ನ ಮಗಳಾದ ಮಾರ್ಥಮ್ಮನನ್ನು ನೆನಪು ಮಾಡಿಕೋ. ಕಡ್ಡಿಪುಡಿಯ ಬಂಧನದಿಂದ ಆಕೆಯನ್ನು ಪೂರ್ತಿ ಬಿಡಿಸು. ಆಕೆಯ ಬಾಯೊಳಗಿನ ಆ ಬಿಳಿ ಮಚ್ಚೆಯನ್ನು ನಿನ್ನ ಕೈಯಿಂದ ಮುಟ್ಟು. ಅದು ಕ್ಯಾನ್ಸರ್ ಆಗದಂತೆ ತಡೆ. ನಾಳೆ ನಡೆಯುವ ಪರೀಕ್ಷೆಯಲ್ಲಿ ನೀನೇ ವೈದ್ಯನಾಗಿರು."

ಸಭೆ "ಆಮೆನ್" ಎಂದಿತು. ನನ್ನ ಬಾಯಿಂದಲೂ ಬಂತು, ಅಭ್ಯಾಸ ಬಲ. ಆಮೇಲೆ ನಾನು ಕಣ್ಣು ತೆರೆದೆ. ಪ್ರಾರ್ಥನೆ ಇನ್ನೂ ನಡೆಯುತ್ತಿತ್ತು, ಎಲ್ಲರ ತಲೆ ಬಾಗಿತ್ತು. ತೆರೆದಿದ್ದ ಕಣ್ಣುಗಳು ಇನ್ನೆರಡು ಜೊತೆ ಮಾತ್ರ. ಹುಡುಗನ ತಾಯಿ ಗಾಯನ ಮಂಡಳಿಯನ್ನು ಬಿಟ್ಟು ಹೆಂಗಸರ ಸಾಲುಗಳಲ್ಲಿ ಯಾರನ್ನೋ ಹುಡುಕುತ್ತಿದ್ದರು. ಮಾರ್ಥಮ್ಮ ನನ್ನನ್ನು ನೋಡುತ್ತಿದ್ದಳು. ಮೈಕಿನ ಕಡೆ ಅಲ್ಲ, ನನ್ನ ಕಡೆ. ಪರದೆಯ ಒಳಗೆ ಕರೆದವಳು ನಾನಲ್ಲವೇ?

ಹುಡುಗನ ತಾಯಿ ಒಳ್ಳೆಯ ಮನೆತನದವರು. ತಕ್ಷಣ ಎದ್ದು ಹೋಗಲಿಲ್ಲ. ಹೊರಗೆ ನಿಂತು ಲೋಟ ತುಂಬ ಕಷಾಯ ಕುಡಿದರು, ಚೆನ್ನಾಗಿದೆ ಎಂದರು, ಸುಜಾತಳ ಗಲ್ಲ ಮುಟ್ಟಿ ಕಾರು ಹತ್ತಿದರು. ಮತ್ತೆ ಅವರ ಫೋನು ಬರಲಿಲ್ಲ.

ನಾನು ಸೀದಾ ಅಮ್ಮನ ಅಡುಗೆಮನೆಗೆ ಹೋದೆ. ಅವರು ಕಷಾಯದ ಪಾತ್ರೆ ತೊಳೆಯುತ್ತಿದ್ದರು.

"ಏನಮ್ಮಾ ಮಾಡಿದ್ರಿ? ಮಾತು ಕೊಟ್ಟಿದ್ರಲ್ಲ?"

ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಯಾರಿಗೆ ಹೇಳ್ದೆ ನಾನು? ಊರೋರಿಗೆ ಹೇಳಿದ್ನಾ? ದೇವ್ರಿಗೆ ಹೇಳ್ದೆ ಕಣೇ."

"ದೇವರಿಗೆ ಮೈಕು ಬೇಕಾಗಿತ್ತಾ?"

ಅವರ ಕಣ್ಣಲ್ಲಿ ನೀರು ಬಂತು. "ಸಭೆ ಎಲ್ಲಾ ಸೇರಿ ಬೇಡಿದ್ರೆ ಬಲ ಜಾಸ್ತಿ ಅಂತ ಹೇಳ್ದೆ. ಅವಳ ಒಳ್ಳೇದಕ್ಕೇ ಅಲ್ವಾ? ಪ್ರಾರ್ಥನೆ ಮಾಡಿದ್ದು ತಪ್ಪು ಅಂತೀಯಾ ನೀನು?"

ಅವರು ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದರೆ ಜಗಳವಾಡಬಹುದಿತ್ತು. ಕಟ್ಟೆಯ ಮೇಲೆ ಕುಳಿತು ಹರಟಿದ್ದರೆ ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳಬಹುದಿತ್ತು. ಕಣ್ಣು ಮುಚ್ಚಿ, ಕೈ ಜೋಡಿಸಿ, ಅಳುತ್ತ ಮಾಡಿದ ದ್ರೋಹವನ್ನು ಯಾವ ಪಂಚಾಯಿತಿಗೆ ಒಯ್ಯುವುದು? ನನಗೆ ರೊಟ್ಟಿ ಹಾಕಿದ ಕೈ ಅದು. ಆ ಕೈಯಲ್ಲೇ ಟಾರ್ಚು ಹಿಡಿದು ನೋಡಿದ್ದರು. ನೋಡಿದ್ದನ್ನು ಸಭೆಗೆಲ್ಲ ಹಂಚಿದರು. ಅಂದಿನಿಂದ ನಾನು ಆ ಮನೆಯಲ್ಲಿ ಊಟ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ತಾಳ್ಯದ ಕಡೆಯ ಬಸ್ಸುಗಳೆಲ್ಲ ಬಂದುಹೋದವು. ಮಧ್ಯಾಹ್ನ ನಾನೇ ಅವಳ ಮನೆಗೆ ಹೋದೆ. ಸುಜಾತ ಬಾಗಿಲು ತೆರೆದು, ನನ್ನನ್ನು ನೋಡಿ ಒಳಗೆ ಹೋದಳು. ಮಾರ್ಥಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಏಳಲಿಲ್ಲ.

"ದುರ್ಗಕ್ಕೆ ಹೋಗಾಣ ಬರ್ರಿ. ಇವತ್ತಲ್ಲದಿದ್ರೆ ನಾಳೆ," ಎಂದೆ.

"ಯಾಕ್ರಿ? ಸಭೆ ಎಲ್ಲಾ ಬೇಡ್ಕೊಂಡೈತಲ್ಲ, ವಾಸಿಯಾಗ್ತೈತೆ ಬಿಡ್ರಿ."

"ನಾನು ಹೇಳಲಿಲ್ಲ ಮಾರ್ಥಮ್ಮ."

"ಗೊತ್ತು ಹೋಗ್ರಿ. ನೀವು ಹೇಳಲಿಲ್ಲ, ಅವ್ರು ಹೇಳಿದ್ರು. ನಂಗೇನು ಯತ್ವಾಸ? ಬಾಯಿ ತೆಗಿ ಅಂದ್ರಿ, ತೆಗದೆ. ಇನ್ನು ತೆಗಿಯಲ್ಲ."

ಈಸ್ಟರಿನ ದಿನ ಅವಳು ಚರ್ಚಿಗೆ ಬಂದಳು. ಒಳಗೆ ಬರಲಿಲ್ಲ, ಜಮಖಾನೆ ಹಾಸಲಿಲ್ಲ. ಆರಾಧನೆ ಮುಗಿದು ಜನರೆಲ್ಲ ಕೈಕುಲುಕುತ್ತ ಹೊರಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಎಲ್ಲರೂ ನೋಡುತ್ತಿದ್ದ ಹಾಗೆ ಎಲೆಗೆ ಸುಣ್ಣ ಹಚ್ಚಿದಳು, ಅಡಿಕೆ ಇಟ್ಟಳು, ಸೊಂಟದ ಚೀಲದಿಂದ ಕಡ್ಡಿಪುಡಿ ತೆಗೆದು ಮೇಲೆ ಉದುರಿಸಿ, ಮಡಿಸಿ ಬಾಯಿಗಿಟ್ಟುಕೊಂಡಳು. ಸೆರಗು ಅಡ್ಡ ಹಿಡಿಯಲಿಲ್ಲ. ಬಾಗಿಲ ಬಳಿಯ ಮಡಕೆಗೆ ಆಮೇಲೆ ಒಂದೂ ಪೊಟ್ಟಣ ಬೀಳಲಿಲ್ಲ. ಮುಂಚೆ ಹಾಕಿದ್ದವರೂ ಮತ್ತೆ ಶುರು ಮಾಡಿಕೊಂಡರು. ಬಿ.ಪಿ. ನೋಡಿಸಿಕೊಳ್ಳಲು ಸಹ ಜನ ಬರುವುದು ನಿಂತಿತು. ನಾಳೆ ಯಾರ ಬಿ.ಪಿ. ಯಾವ ಪ್ರಾರ್ಥನೆಯಲ್ಲಿ ಬರುತ್ತದೋ ಯಾರಿಗೆ ಗೊತ್ತು? ಮಳೆಗಾಲದ ಹೊತ್ತಿಗೆ ಸಕ್ಕರೆ ಟೀ ವಾಪಸು ಬಂತು, ಆ ವರ್ಷ ಮುಗಿಯುವಷ್ಟರಲ್ಲಿ ನಾನೂ ಹಿರಿಯೂರಿಗೆ ವಾಪಸು ಬಂದೆ.

ಇಷ್ಟನ್ನೂ ಕೊನೆಯ ಬೆಂಚಿನಲ್ಲಿ ಕುಳಿತು ನೆನೆಯುತ್ತಿದ್ದೆ. ಆಗ ಮೈಕಿನಲ್ಲಿ ಆ ಹೆಸರು ಕೇಳಿತು.

"ಹೊಳಲ್ಕೆರೆಯಲ್ಲಿ ಮಾರ್ಥಮ್ಮ ಎಂಬ ಸಹೋದರಿ ಇದ್ದರು," ಎನ್ನುತ್ತಿದ್ದರು ಎಸ್ತೇರಮ್ಮ. "ಕಡ್ಡಿಪುಡಿಯ ದಾಸಿ. ಬಾಯಲ್ಲಿ ಕ್ಯಾನ್ಸರಿನ ಮಚ್ಚೆ. ನಮ್ಮ ಇಡೀ ಸಭೆ ಆಕೆಗಾಗಿ ಮೊಣಕಾಲೂರಿತು. ಇಂದು ಆಕೆ ಪೂರ್ತಿ ಬಿಡುಗಡೆ ಹೊಂದಿದ್ದಾರೆ. ಒಂದು ಸಭೆ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಆಕೆಯೇ ಸಾಕ್ಷಿ."

ನಮ್ಮ ಸಭೆ "ಸ್ತೋತ್ರ" ಎಂದಿತು. ಮೊದಲ ಸಲ ಕಾಯಿಲೆಯನ್ನು ಹಂಚಿದ್ದರು, ಈಗ ಇಲ್ಲದ ಆರೋಗ್ಯವನ್ನು ಹಂಚುತ್ತಿದ್ದರು. ಆಮೇಲೆ ಅಂಗಳದಲ್ಲಿ ನನ್ನನ್ನು ಕಂಡು ಓಡಿಬಂದು ತಬ್ಬಿಕೊಂಡರು. "ಪ್ರೇಮಾ! ಎಷ್ಟು ಸೊರಗಿದೀಯೇ!" ಆ ಪ್ರೀತಿ ಸುಳ್ಳಲ್ಲ, ಅದೇ ನನ್ನ ಸಂಕಟ.

"ಮಾರ್ಥಮ್ಮನ್ನ ಇತ್ತೀಚೆಗೆ ನೋಡಿದ್ರಾ ಅಮ್ಮಾ?" ಎಂದು ಕೇಳಿದೆ.

"ಇಲ್ಲಪ್ಪ, ಅಯ್ಯನೋರಿಗೆ ಟ್ರಾನ್ಸ್‌ಫರ್ ಆದ್ಮೇಲೆ ಆ ಕಡೆ ಹೋಗಕ್ಕೇ ಆಗಿಲ್ಲ. ಆದ್ರೆ ಪ್ರಾರ್ಥನೇಲಿ ದಿನಾ ನೆನೀತೀನಿ ಅವಳನ್ನ. ಕಷಾಯ ಕುಡಿದ್ಯಾ?"

ಕುಡಿಯಲಿಲ್ಲ. ಮರುವಾರ ರಜೆ ಹಾಕಿ ದುರ್ಗದ ಮೇಲೆ ಹೊಳಲ್ಕೆರೆಗೆ, ಅಲ್ಲಿಂದ ತಾಳ್ಯಕ್ಕೆ ಹೋದೆ. ಮಾರ್ಥಮ್ಮ ಒಬ್ಬಳೇ ಇದ್ದಳು. ಸುಜಾತ ಹೊಸದುರ್ಗದ ಶಾಲೆಯೊಂದರಲ್ಲಿ ಟೀಚರು, ಇನ್ನೂ ಮದುವೆಯಿಲ್ಲ. ಈ ಸಲ ಮಾರ್ಥಮ್ಮ ಎದ್ದು ಚಾಪೆ ಹಾಸಿದಳು. "ಕುಂತ್ಕಳ್ರಿ," ಎಂದಳು. ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಗಂಜಿಯ ಲೋಟ ಪಕ್ಕದಲ್ಲಿತ್ತು.

"ಅಮ್ಮೋರು ಹೆಂಗವ್ರೆ?" ಎಂದು ಅವಳೇ ಕೇಳಿದಳು.

"ಚೆನ್ನಾಗವ್ರೆ. ನೀವು ಪೂರ್ತಿ ವಾಸಿಯಾಗಿದೀರಿ ಅಂತ ಊರೂರಲ್ಲಿ ಹೇಳ್ತಾ ಅವ್ರೆ."

ಮಾರ್ಥಮ್ಮ ನಕ್ಕಳು. ನಗು ನೋವಾಗಿ ಕೆನ್ನೆ ಹಿಡಿದುಕೊಂಡಳು. "ವಾಸಿಯಾದೋಳು ಗಂಜಿ ಕುಡೀತಾ ಕುಂತವ್ಳೆ ನೋಡ್ರಿ," ಎಂದಳು. ಆಮೇಲೆ ಅಳು ಬಂತು. ನಾನು ನೋಡಿದ್ದು ಅದೇ ಮೊದಲು, ಅವಳು ಅಳುವುದನ್ನು.

"ಹೋಗಾಣ ಬರ್ರಿ," ಎಂದೆ. "ದುರ್ಗ ಬ್ಯಾಡ. ಗುರುತಿಲ್ಲದ ಊರಿಗೆ ಹೋಗಾಣ."

ಅವಳು ನನ್ನ ಮುಖವನ್ನೇ ನೋಡಿದಳು. "ಬರ್ತೀನಿ. ಆದ್ರೆ ಸಿಸ್ಟರ್, ನನ್ನ ಹೆಸರು ಎಲ್ಲೂ ಎತ್ತಬ್ಯಾಡ್ರಿ. ಮನುಷ್ಯರ ಮುಂದೂ ಬ್ಯಾಡ, ದೇವ್ರ ಮುಂದೂ ಬ್ಯಾಡ."

ಮಾತು ಕೊಡುತ್ತೇನೆ ಎನ್ನಲು ಹೋಗಿ ತಡೆದೆ. ಆ ಮಾತನ್ನು ಅವಳು ಒಮ್ಮೆ ಕೇಳಿದ್ದಳು. ಸುಮ್ಮನೆ ತಲೆಯಾಡಿಸಿದೆ.

ಹೋಗಿ ಬಂದೆವು. ಚೂರು ತೆಗೆದರು, ಪರೀಕ್ಷೆ ಮಾಡಿದರು. ಡಾಕ್ಟರು ಏನು ಹೇಳಿದರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಬೇಸರವಾದರೆ ಆಗಲಿ, ಅದು ಅವಳ ಬಾಯಿಯ ವಿಷಯ. ಎಸ್ತೇರಮ್ಮನವರ ಹೆಸರನ್ನು ಬದಲಾಯಿಸುವ ಗೋಜಿಗೆ ನಾನು ಹೋಗಿಲ್ಲ. ಅವರು ನನ್ನನ್ನು ಹಾಗೆ ಕೇಳಿಕೊಂಡಿಲ್ಲ. ಆದರೆ ಮಾರ್ಥಮ್ಮ ಎಂಬುದು ಅವಳ ಹೆಸರಲ್ಲ, ತಾಳ್ಯ ಅವಳ ಊರೂ ಅಲ್ಲ.